ಮೂಸಿ ನೋಡುವ ಹಾತ್ಸು ಅಜ್ಜಿ

ಓಕಿನಾವಾ ದ್ವೀಪದ ಯೊಮಿತಾನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತ ತೊಗುಚಿ ಹಾತ್ಸು ಅಜ್ಜಿ, ಆಗಷ್ಟೇ ಅಗೆದ ಗೆಣಸನ್ನು ಮೂಗಿಗೆ ಹಿಡಿಯುತ್ತಾರೆ. ತಿರುಗಿಸಿ ಮತ್ತೆ ಮೂಸುತ್ತಾರೆ. ತುದಿ ಕೊಯ್ದು ಒಳಗಿನ ನೇರಳೆ ಬಣ್ಣವನ್ನು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ತಾವೇ ಬೆಳೆಸಿದ ಗೆಣಸಿನ ಮೇಲೂ ಅವರಿಗೆ ನಂಬಿಕೆಯಿಲ್ಲ.

"ಮೂತಿಹುಳ ಹೊಕ್ಕಿರೋ ಒಂದೇ ಗೆಣಸು ಸಾಕು, ಇಡೀ ಪಾತ್ರೆ ಕಹಿ. ಮೊದಲ ತುತ್ತು ಒಲೆ ದೇವರಿಗೆ ಹೋಗೋದು. ದೇವರಿಗೇ ಕಹಿ ತಿನ್ನಿಸೋಕಾಗುತ್ತಾ?"

ಹಬೆಯಲ್ಲಿ ಬೇಯಿಸಿ ಅಜ್ಜಿ ನಾದುವ ನೇರಳೆ ಮುದ್ದೆಯೇ ಕೇರಿಯ ಹಲ್ಲಿಲ್ಲದ ಮುದುಕರ ಬೆಳಗಿನ ಊಟ. ಈ ಗೆಣಸಿನ ಬಳ್ಳಿಯನ್ನು ಕೊಟ್ಟದ್ದು ಅವರ ಅತ್ತೆ. ಅದರ ಕುಡಿಯನ್ನೇ ನೆಟ್ಟು ನೆಟ್ಟು ಉಳಿಸಿಕೊಂಡಿದ್ದಾರೆ, ಅದು ಹೋದರೆ ಆ ರುಚಿಯೂ ಹೋದಂತೆ. ಹಾಗಾಗಿ, ಹೊರಗಿನ ಹುಳ ಬರದಂತೆ, ಹಿತ್ತಿಲಿಗೆ ಬರುವವರು ಚಪ್ಪಲಿ ಕೊಡವಿಯೇ ಬರಬೇಕು. ಪಕ್ಕದ ಮನೆಯ ಉಎಜು ಸೇಕೊ ಪ್ರೀತಿಯಿಂದ ತಂದುಕೊಟ್ಟ ಬಳ್ಳಿಯ ಕಟ್ಟನ್ನು ನಗುನಗುತ್ತಲೇ ಇಸಿದುಕೊಂಡು ಒಲೆಗೆ ಹಾಕಿದ್ದರು.

ಹೋದ ವರ್ಷ ಅಜ್ಜಿಯ ಗೆಣಸಿನಲ್ಲೇ ತೂತು ಕಂಡಿತು. ಎರಡು ಮನೆಗಳ ನಡುವಿನ ಗೋಡೆಯ ಬಳಿಗೆ ನೇರವಾಗಿ ಹೋಗಿ ಕೂಗಿದರು: "ಸೇಕೊ! ನಿನ್ನ ಹುಳಾನ ನನ್ನ ಮನೆಗ್ಯಾಕೆ ಅಟ್ಟಿದೆ?"

"ಅದರ ಬೆನ್ನ ಮೇಲೆ ನನ್ನ ಹೆಸರಿತ್ತಾ, ಹಾತ್ಸಕ್ಕಾ? ಬಾ, ನನ್ನ ಗೆಣಸು ಅಗೆದು ನೋಡು."

ಅಜ್ಜಿ ಬಿಡಲಿಲ್ಲ, ಹೋಗಿ ಅಗೆದೇ ನೋಡಿದರು. ಒಂದರಲ್ಲೂ ತೂತಿರಲಿಲ್ಲ. ನಾಚಿಕೆಯಿಂದ ಮರಳುವಾಗ ತಮ್ಮ ಗೋಡೆಗೆ ಹಬ್ಬಿದ್ದ ನೀಲಿ ಹೂವಿನ ಬಳ್ಳಿಯ ಮೇಲೆ ಕಣ್ಣು ಬಿತ್ತು. ಗೆಣಸಿನದೇ ಜಾತಿಯದು, ತೀರಿಹೋದ ಗಂಡ ನೆಟ್ಟದ್ದು. ಅದೊಂದನ್ನು ಮಾತ್ರ ಅವರು ಎಂದೂ ಅನುಮಾನಿಸಿರಲಿಲ್ಲ. ಕಾಂಡ ಸೀಳಿದರೆ ಒಳಗೆ ಹುಳಗಳ ಸಂಸಾರವೇ ಇತ್ತು.

ಬುಡಸಮೇತ ಕಿತ್ತು ಸುಟ್ಟರು. "ಅತ್ತುಬಿಟ್ಟೆ. ಅವರಿದ್ದಿದ್ರೆ ತಾವೇ ಕೀಳ್ತಿದ್ರು ಅಂತ ಸಮಾಧಾನ ಮಾಡ್ಕೊಂಡೆ. ಅದೂ ನಂಬೋ ಮಾತಲ್ಲ ಬಿಡಿ, ಅವರಿಗೆ ಗೆಣಸೇ ಸೇರ್ತಿರಲಿಲ್ಲ!"

ಅತ್ತೆಯ ಗೆಣಸಿನ ಬಳ್ಳಿಯಿಂದ ಹುಳ ಮುಟ್ಟದ ಕುಡಿಗಳನ್ನು ಆರಿಸಿ ಬೇರೆ ಮಣ್ಣಿಗೆ ನೆಟ್ಟರು. ಈಗ ಬೇಯುತ್ತಿರುವುದು ಅವುಗಳದೇ ಗೆಣಸು. ದೇವರ ಪಾಲು ಇಟ್ಟ ಮೇಲೆ ಎರಡನೆಯ ಬಟ್ಟಲು ಗೋಡೆಯಾಚೆ ಸೇಕೊಗೆ ಹೋಗುತ್ತದೆ. ಸೇಕೊ ಬಟ್ಟಲನ್ನು ಮೂಗಿನ ಹತ್ತಿರ ತಂದು, ಅಜ್ಜಿಯನ್ನು ಓರೆಗಣ್ಣಿಂದ ನೋಡಿ, ಚೆನ್ನಾಗಿ ಮೂಸುತ್ತಾರೆ. ಆಮೇಲೇ ಬಾಯಿಗಿಡುತ್ತಾರೆ.

"ನೋಡಿದ್ರಾ, ನನ್ನನ್ನೂ ನಂಬಲ್ಲ ಇವಳು," ಅಜ್ಜಿಯ ಮುಖ ಅರಳುತ್ತದೆ. "ನಾನು ಹೋದ್ಮೇಲೆ ಬಳ್ಳಿ ಇವಳ ಕೈಲಿರಲಿ."