ಮಜ್ಜಿಗೆಹುಲ್ಲಿನ ಎಣ್ಣೆಯ ಸಾಬರು

ಸಾಬರ ಬಲಗೈ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ಲವಂಗದೆಣ್ಣೆ ತಿಂದುಹಾಕಿದೆ ಎನ್ನುತ್ತಿದ್ದರು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಇಕ್ಕಟ್ಟಾದ ಅಂಗಡಿ. ನೀಲಗಿರಿ, ಲವಂಗ, ನಿಂಬೆ ವಾಸನೆಯ ಮಜ್ಜಿಗೆಹುಲ್ಲು, ಎಲ್ಲದರ ಎಣ್ಣೆಯೂ ಸಿಗುತ್ತಿತ್ತು. ಕೊಡುವ ಮುಂಚೆ ಒಂದು ತೊಟ್ಟು ಬಿಳಿ ಕಾಗದದ ಮೇಲೆ ಬಿಟ್ಟು, ಅದು ಆರುವ ತನಕ ಗಿರಾಕಿಯನ್ನು ಕಾಯಿಸುತ್ತಿದ್ದರು. ಕಲೆ ಉಳಿದರೆ ಅಡುಗೆ ಎಣ್ಣೆ ಬೆರೆತಿದೆ ಎಂದರ್ಥ. ಎಷ್ಟೋ ಜನ ಬಸ್ಸು ತಪ್ಪಿಸಿಕೊಂಡು ಬೈದುಕೊಂಡು ಹೋದದ್ದುಂಟು.

ಎರಡು ಸಾವಿರದ ಐದು–ಆರರ ಸುಮಾರಿಗೆ ನಾನು ಚಾಮರಾಜನಗರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಪ್ರಾಜೆಕ್ಟಿಗೆ ಎಣ್ಣೆ ಕೊಟ್ಟವರು ಅವರೇ. ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಯಲ್ಲಿ ಎಣ್ಣೆ ಅದ್ದಿದ ಕಾಗದದ ಬಿಲ್ಲೆ ಇಟ್ಟರೆ, ಮರುದಿನ ಅದರ ಸುತ್ತ ಕ್ರಿಮಿಯಿಲ್ಲದ ಬಯಲು ಕಾಣುತ್ತಿತ್ತು. ಮಜ್ಜಿಗೆಹುಲ್ಲಿನದೇ ಎಲ್ಲಕ್ಕಿಂತ ದೊಡ್ಡ ಬಯಲು. ಅದರಲ್ಲಿರುವ ಸಿಟ್ರಾಲ್ ಎಂಬ ರಾಸಾಯನಿಕ ಕ್ರಿಮಿಯ ಪೊರೆಯನ್ನೇ ಹರಿದುಹಾಕುತ್ತದೆ ಎಂದು ಸಾಬರಿಗೆ ಹೆಮ್ಮೆಯಿಂದ ವಿವರಿಸಿದೆ.

“ಕ್ರಿಮಿ ಪೊರೆ ಹರಿಯೋದು ನಮ್ ಚರ್ಮವ ಬುಡ್ತದಾ? ಬರೀ ಎಣ್ಣೆಯ ಮೈಗೆ ಮುಟ್ಟುಸ್ಬ್ಯಾಡ ಕಣಮ್ಮಿ,” ಎಂದರು. ಹೂಂ ಎಂದೆ. ಅಂಗಡಿಯವರಿಗೇನು ಗೊತ್ತು ಅನ್ನುವ ಜಂಬ ನನಗೆ.

ಅದೇ ವಾರ ಬೇಗೂರಿನ ನಮ್ಮ ಮನೆಯಲ್ಲಿ ಅಪ್ಪನ ಕಾಲಿಗೆ ಗಾಯವಾಗಿ ಕೀವು ತುಂಬಿತು. ಅಪ್ಪನಿಗೆ ಸಕ್ಕರೆ ಕಾಯಿಲೆ. ನಾನು ಆ ಎಣ್ಣೆಯನ್ನೇ ಹಚ್ಚಿ ಬಟ್ಟೆ ಕಟ್ಟಿದೆ. ಜೋಮು ಹಿಡಿದ ಕಾಲಿಗೆ ಉರಿ ಗೊತ್ತಾಗಲಿಲ್ಲ. ಮೂರನೆಯ ದಿನ ಬಿಚ್ಚಿದರೆ ಚರ್ಮ ಬೆಂದು ಬಟ್ಟೆಯೊಂದಿಗೇ ಸುಲಿದು ಬಂತು. ಅಪ್ಪನ ಕಾಲನ್ನು ನಾನೇ ತೆಗೆದುಬಿಟ್ಟೆ ಅನ್ನಿಸಿತು. ಮನೆಯಲ್ಲಿ ಹೇಳಲು ಧೈರ್ಯ ಸಾಲದೆ ಬಸ್ಸು ಹತ್ತಿ ಸಾಬರ ಬಳಿಗೆ ಓಡಿದೆ. ಅವರು ಬೈಯಲಿಲ್ಲ. ಅಂಗಡಿ ಬಾಗಿಲು ಎಳೆದು, ಗುರುತಿನವರ ಜೀಪು ಹಿಡಿದು ನನ್ನ ಜೊತೆ ಬೇಗೂರಿಗೆ ಬಂದು, ಅಪ್ಪನನ್ನು ಎತ್ತಿ ಕೂರಿಸಿಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರು, ಪಾದ ಉಳಿಯುತ್ತದೋ ಇಲ್ಲವೋ ಹೇಳಲಾರೆ ಎಂದರು. ಈ ಎಣ್ಣೆ ಹಚ್ಚಲು ಹೇಳಿದ್ದು ಯಾರು ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿದರು.

“ಮಗಿದೇನೂ ತೆಪ್ಪಿಲ್ಲ ಸಾರ್. ಹಚ್ಚು ಅಂದೋನು ನಾನೇ,” ಎಂದರು ಸಾಬರು.

ನಾನು ಇಲ್ಲ ಎನ್ನಲಿಲ್ಲ.

ಎರಡು ಬೆರಳು ಹೋದವು, ಪಾದ ಉಳಿಯಿತು. ನಮ್ಮೂರಿನವರು ಆಮೇಲೆ ಆ ಅಂಗಡಿ ಕಡೆ ತಲೆಹಾಕಲಿಲ್ಲ. ಮನೆಯಲ್ಲಿ ನಿಜ ಹೇಳಿಬಿಡಲೇ ಎಂದು ಒಮ್ಮೆ ಸಾಬರ ಬಳಿ ಹೋಗಿ ಕೇಳಿದೆ. “ಸುಮ್ಕಿರು. ಗೊತ್ತಾದ್ರೆ ನಿನ್ ಓದು ನಿಲ್ಲಿಸ್ಬುಡ್ತರೆ,” ಎಂದು, ಯಾರಿಗೋ ಕೊಡಬೇಕಿದ್ದ ಎಣ್ಣೆಯ ತೊಟ್ಟು ಆರುವುದನ್ನೇ ನೋಡುತ್ತಾ ಕೂತರು. ನನ್ನ ಓದು ನಿಲ್ಲಲಿಲ್ಲ.

ಎರಡು ವರ್ಷದ ನಂತರ ಸಾಬರು ತೀರಿಕೊಂಡರು. ಅಪ್ಪ ಕುಂಟುತ್ತಾ ಹೋಗಿ ಮಣ್ಣು ಹಾಕಿ ಬಂದು ಅಂಗಳದಲ್ಲಿ ನಿಂತರು. ನಾನು ಕಾಲಿಗೆ ನೀರು ತಂದಿಟ್ಟೆ.

“ಸಾಬ್ರು ಮಾಡಿದ್ ತೆಪ್ಪನ್ನ ನಾನು ಯಾವತ್ತೋ ಮರ್ತ್ಬುಟ್ಟೆ ಕಣಮ್ಮಿ,” ಎಂದರು.

ಆಗಲೂ ನಾನು ಹೆದರಿ ನಿಜ ಹೇಳಲಿಲ್ಲ.