ಔಷಧದ ಬಂಡಿಗೆ ತಾಮ್ರದ ರಿವಿಟ್ಟು

ಹೊಸನಗರದ ಹೇರಂಬಾಚಾರಿಗೆ ಅಲ್ಯುಮಿನಿಯಂ ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತೆನ್ನಿ. ಅಜ್ಜ, ಅಪ್ಪ ಎಲ್ಲರೂ ತಾಮ್ರದ ಹಂಡೆ, ಕೊಡ ಬಡಿದು ಬದುಕಿದವರು. ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲು ಆಚಾರಿಯ ಅಂಗಡಿಗೆ ಬಂದು ಹಂಡೆಗೆ ಹೇಳಿ ಹೋಗುತ್ತಿದ್ದ ಕಾಲವೊಂದಿತ್ತು. ಈಗ ಸಂತೆಯಲ್ಲಿ ಬಿಳಿ ಪಾತ್ರೆಗಳ ರಾಶಿ ಬಿದ್ದಿತ್ತು. ಜನ ಅವನ್ನು ಕೊಂಡು ಆಚಾರಿಯ ಕಣ್ಣೆದುರೇ ಸಾಗಿಸುತ್ತಿದ್ದರು. ‘ಗಾಳಿಗೆ ಹಾರಿಹೋಗೋ ಪಾತ್ರೆ ಮಾರಾಯ್ರೆ, ಅದ್ರಲ್ಲಿ ಅನ್ನ ಬೇರೆ ಬೇಯಿಸ್ತಾರೆ’ ಎಂದು ಅವನು ಕಂಡಕಂಡವರ ಹತ್ತಿರ ಹೇಳುತ್ತಿದ್ದ. ಕೇಳಿದವರು ಹೌದು ಹೌದೆಂದು ತಲೆಯಾಡಿಸಿ, ಮನೆಗೆ ಹೋಗಿ ಅದರಲ್ಲೇ ಅನ್ನ ಬೇಯಿಸಿ ಉಣ್ಣುತ್ತಿದ್ದರು.

ಇಂಥ ಆಚಾರಿಯ ಪಾಲಿಗೆ ಒಂದು ಇಡೀ ಅಲ್ಯುಮಿನಿಯಂ ಮನೆಯೇ ಬಂದು ನಿಂತಿತು.

ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿದು, ಅಲ್ಲಿದ್ದ ಸಾಮಾನುಗಳೆಲ್ಲ ಹರಾಜಾಗುತ್ತಿದ್ದ ಸಮಯ. ಯಾವನೋ ಎಂಜಿನಿಯರು ವಾಸವಾಗಿದ್ದ ಗಾಲಿಯ ಮೇಲಿನ ಮನೆಯೊಂದನ್ನು ಹೊಸನಗರದ ಜವಳಿ ವ್ಯಾಪಾರಿ ಜಿನಚಂದ್ರಯ್ಯನವರು ಕೊಂಡು, ಜೀಪಿಗೆ ಕಟ್ಟಿ ಎಳೆಸಿಕೊಂಡು ಬಂದರು. ಅದಕ್ಕೆ ಇಂಜಿನ್ನಿಲ್ಲ, ಒಳಗೆ ಮಂಚ, ಬೀರು, ಕಿಟಕಿ ಎಲ್ಲ ಉಂಟು. ಮೈಯೆಲ್ಲ ಅಲ್ಯುಮಿನಿಯಂ ತಗಡು. ಅವರ ತಾಯಿ ಧರ್ಮಾವತಮ್ಮನವರಿಗೆ ಔಷಧದಾನ ಮಾಡಬೇಕೆಂಬ ಬಯಕೆ ಬಹಳ ದಿನಗಳಿಂದ ಇತ್ತು. ಆಸ್ಪತ್ರೆ ಕಾಣದ ಹಳ್ಳಿಗಳಿಗೆ ಈ ಬಂಡಿಯಲ್ಲಿ ಔಷಧ ಕಳಿಸುವುದೆಂದು ತಾಯಿ ಮಗ ನಿಶ್ಚಯಿಸಿದ್ದರು. ಆದರೆ ಬಂಡಿ ಎಲ್ಲೋ ಮರಕ್ಕೆ ಉಜ್ಜಿ, ಎಲ್ಲೋ ಬಂಡೆಗೆ ತಾಗಿ ಮೈ ಹರಿದುಕೊಂಡಿತ್ತು. ‘ಇದಕ್ಕೆ ತೇಪೆ ಹಾಕಿ, ಕೆಟ್ಟ ತಗಡು ಬದಲು ಮಾಡಿ ಕೊಡ್ಬೇಕು ಆಚಾರ್ರೆ. ನಿಮ್ಮ ಕೈಯೇ ಆಗ್ಬೇಕು’ ಎಂದರು ಜಿನಚಂದ್ರಯ್ಯ.

ನಿಮ್ಮ ಕೈಯೇ ಆಗಬೇಕು ಎಂದರೆ ಯಾವ ಆಚಾರಿ ತಾನೇ ಒಲ್ಲೆನ್ನುತ್ತಾನೆ?

ಹೊಸ ತಗಡನ್ನೂ ಅದರದ್ದೇ ಲೋಹದ ರಿವಿಟ್ಟುಗಳ ಪೊಟ್ಟಣವನ್ನೂ ಸಾಗರದ ಗ್ಯಾರೇಜಿನ ಮಾಸ್ತಪ್ಪ ತಂದುಕೊಟ್ಟ. ಅವನು ಬಸ್ಸುಗಳ ಮೈ ರಿಪೇರಿ ಮಾಡುವವನು. ಹೊರಡುವಾಗ ಹೇಳಿದ: ‘ಆಚಾರ್ರೆ, ಇದಕ್ಕೆ ಇದೇ ರಿವಿಟ್ಟು ಹೊಡೀರಿ. ಬೇರೆದು ಹಾಕಿದ್ರೆ ನೀರು ಬಿದ್ದಲ್ಲಿ ತಗಡು ತಿಂದುಹೋಗ್ತದೆ.’

‘ನಮ್ಮಜ್ಜ ದೇವಸ್ಥಾನದ ಮಾಡಿಗೆ ತಾಮ್ರ ಹೊದೆಸಿದವ್ರು ಮಾರಾಯಾ. ನಂಗೆ ರಿವಿಟ್ಟು ಹೊಡೆಯೋದು ನೀ ಹೇಳಿಕೊಡ್ತೀಯಾ?’ ಎಂದು ಆಚಾರಿ ನಕ್ಕುಬಿಟ್ಟ. ಮಾಸ್ತಪ್ಪ ಸಾಗರದ ಬಸ್ಸು ಹತ್ತಿದ.

ಕೆಟ್ಟ ತಗಡುಗಳನ್ನು ಬಿಚ್ಚಿ, ಅವುಗಳ ಅಳತೆಗೆ ಹೊಸದನ್ನು ಕತ್ತರಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಬಾಗಿಸಿ ಕೂರಿಸಿದ. ಕೆಲಸ ಚೊಕ್ಕವಾಗಿಯೇ ಬಂತು. ಆದರೆ ರಿವಿಟ್ಟಿನ ಹೊತ್ತಿಗೆ ಕೈ ಹಿಂದೆಗೆಯಿತು. ಆ ಬಿಳಿ ರಿವಿಟ್ಟುಗಳು ಬೆರಳಲ್ಲಿ ಹಿಡಿದರೆ ಹಿಡಿದ ಹಾಗೇ ಇಲ್ಲ. ಧರ್ಮಕ್ಕೆ ಕೊಡುವ ಬಂಡಿ, ಅದಕ್ಕೆ ಈ ದರಿದ್ರ ಮೊಳೆ ಹೊಡೆಯುವುದೇ? ಆಚಾರಿ ಪೊಟ್ಟಣವನ್ನು ಮೂಲೆಗೆ ಎಸೆದು, ಶುದ್ಧ ತಾಮ್ರದ ಸರಿಗೆಯಿಂದ ತಾನೇ ರಿವಿಟ್ಟು ಕತ್ತರಿಸಿ, ಒಂದೊಂದಕ್ಕೂ ತಲೆ ಕಟ್ಟಿ ಹೊಡೆದ. ಮುಗಿದಾಗ ಬಂಡಿಯ ಬಿಳಿ ಮೈಮೇಲೆ ಕೆಂಪು ಚುಕ್ಕೆಗಳ ಸಾಲು ಮದುಮಗಳ ಡಾಬಿನಂತೆ ಮಿನುಗಿತು. ಊರೇ ಬಂದು ನೋಡಿ ಹೊಗಳಿತು. ಅಲ್ಯುಮಿನಿಯಂ ಮೇಲೆ ಅಷ್ಟು ವರ್ಷದ ಹಗೆ ತೀರಿಸಿಕೊಂಡೆನೆಂದು ಆಚಾರಿ ಒಳಗೊಳಗೇ ಬೀಗಿದ.

ಬಂಡಿಗೆ ಕಾಂಪೌಂಡರಾಗಿ ಬಂದವನು ಮುಕುಂದಯ್ಯ. ಮದುವೆಯಾಗದ, ಮೆದು ಮಾತಿನ ಮನುಷ್ಯ. ಬಾಟಲಿಗೆ ಬಿರಡೆ ಒಮ್ಮೆ ಒತ್ತಿದನೆಂದರೆ ಮುಗಿಯಿತು, ಮತ್ತೆ ತಿರುಗಿ ನೋಡುವವನಲ್ಲ. ಅಷ್ಟು ಖಚಿತ ಕೈ. ಹಳ್ಳಿಯ ಹೆಂಗಸರು ಅವನ ಕೈಗುಣವನ್ನೇ ನಂಬಿ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಒಂಟಿ ಮನುಷ್ಯನಿಗೆ ಆ ಬಂಡಿಯೇ ಮನೆಯೂ ಆಗಿತ್ತು.

ಮೊದಲ ಮಳೆಗಾಲ ಹೇಗೋ ತಡೆಯಿತು. ಎರಡನೆಯ ವರ್ಷದ ಆಷಾಢದಲ್ಲಿ ಬಂಡಿ ಸೋರಿತು. ನೀರು ನೇರವಾಗಿ ಔಷಧದ ಬೀರುವಿಗೇ ಇಳಿದು, ಪುಡಿಗಳೆಲ್ಲ ಹೆಪ್ಪುಗಟ್ಟಿ, ಮಾತ್ರೆಗಳು ಕರಗಿ ಅಂಬಲಿಯಾದವು. ಜಿನಚಂದ್ರಯ್ಯ ಆಚಾರಿಯನ್ನು ಕರೆಸಿದರು. ಆಚಾರಿ ಹೋದಾಗ ಅವರು ಕೋಪದಿಂದ ಕೂಗಾಡುತ್ತಿದ್ದರು. ಮುಕುಂದಯ್ಯ ಒಂದು ಬದಿಗೆ ಕೈಕಟ್ಟಿ ನಿಂತಿದ್ದ.

‘ನೋಡಿ ಆಚಾರ್ರೆ, ತಗಡಿನ ಮೇಲೆಲ್ಲ ಬಿಳಿ ಪುಡಿ. ಎಂತದೋ ಔಷಧ ಚೆಲ್ಲಿ ಒರೆಸದೇ ಬಿಟ್ಟಿದಾನೆ ಇವ್ನು. ಅದೇ ತಗಡು ತಿಂದಿದ್ದಲ್ವಾ?’

ಆಚಾರಿ ಬಗ್ಗಿ ನೋಡಿದ. ಒಂದೊಂದು ತಾಮ್ರದ ರಿವಿಟ್ಟಿನ ಸುತ್ತಲೂ ಬಿಳಿ ಪುಡಿ ಉಬ್ಬಿತ್ತು. ಉಗುರಿನಿಂದ ಕೆರೆದರೆ ತಗಡು ಹಪ್ಪಳದಂತೆ ಮುರಿಯಿತು. ಪಕ್ಕದಲ್ಲೇ ಅವನು ಮುಟ್ಟದೆ ಬಿಟ್ಟಿದ್ದ ಹಳೆಯ ಸಾಲು. ಅಲ್ಲಿ ಎಂಜಿನಿಯರನ ಕಾಲದ ಬಿಳಿ ರಿವಿಟ್ಟುಗಳು, ತಗಡು ಗಟ್ಟಿಯಾಗಿ ಒಣಗಿ ಕೂತಿತ್ತು. ಮಾಸ್ತಪ್ಪನ ಮಾತು ಕಿವಿಯಲ್ಲಿ ಬಡಿಯಿತು. ಇದು ತನ್ನದೇ ಕೆಲಸವೆಂದು ಆಚಾರಿಗೆ ಆ ಕ್ಷಣವೇ ಗೊತ್ತಾಯಿತು.

ಹೇಳಬೇಕಿತ್ತು. ಹೇಳಲಿಲ್ಲ. ಅಂಗಳದಲ್ಲಿ ನಾಲ್ಕು ಜನ ಸೇರಿದ್ದರು, ಅಜ್ಜನ ಹೆಸರಿತ್ತು, ಮಾಸ್ತಪ್ಪನ ಎದುರು ನಕ್ಕದ್ದಿತ್ತು. ‘ಎಂತದೋ ಖಾರದ ಔಷಧ ಬಿದ್ದಂಗಿದೆ ಅಯ್ಯ’ ಎಂದ.

ಅಷ್ಟೇ ಸಾಕಾಯಿತು. ಮುಕುಂದಯ್ಯ ಒಮ್ಮೆ ಆಚಾರಿಯನ್ನು ನೋಡಿ, ಮತ್ತೆ ತನ್ನ ಕೈಗಳನ್ನು ನೋಡಿಕೊಂಡ. ಜಿನಚಂದ್ರಯ್ಯ ಅಲ್ಲೇ ಅವನನ್ನು ಕೆಲಸದಿಂದ ಬಿಡಿಸಿದರು. ಮರುದಿನವೇ ಟ್ರಂಕು ಹೊತ್ತು ನಿಟ್ಟೂರಿನ ಅಕ್ಕನ ಮನೆಗೆ ಹೋದನೆಂದು ಸುದ್ದಿ ಬಂತು.

ಬಂಡಿ ಮತ್ತೆ ಆಚಾರಿಯ ಅಂಗಡಿಗೇ ಬಂತು. ಈ ಸಲ ಸುತ್ತಲೂ ಗೋಣಿತಾಟು ಇಳಿಬಿಟ್ಟುಕೊಂಡು ಕೆಲಸ ಮಾಡಿದ. ಕೆಟ್ಟ ತಗಡು ಕಿತ್ತು, ತಾಮ್ರವನ್ನೆಲ್ಲ ತೆಗೆದು, ಮೂಲೆಗೆ ಎಸೆದಿದ್ದ ಪೊಟ್ಟಣವನ್ನು ಹುಡುಕಿ ಬಿಳಿ ರಿವಿಟ್ಟು ಹೊಡೆದ. ಯಾಕೆ ತಾಮ್ರ ಬಿಟ್ಟಿರಿ ಎಂದು ಕೇಳಿದವರಿಗೆ, ಈಗ ಒಳ್ಳೇ ತಾಮ್ರ ಎಲ್ಲಿ ಸಿಗ್ತದೆ ಎಂದ. ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ. ಆ ಮಳೆಗಾಲದಲ್ಲಿ ಬಂಡಿ ಮತ್ತೆ ಒಂದು ಹನಿಯೂ ಸೋರಲಿಲ್ಲ. ‘ನೋಡಿದ್ರಾ, ಅವ್ನು ಹೋದ್ಮೇಲೆ ಎಷ್ಟು ಚೆನ್ನಾಗಿದೆ’ ಎಂದು ಜನ ಆಡಿಕೊಂಡರು. ಕೆಲಸ ಚೆನ್ನಾಗಿ ಮಾಡಿದಷ್ಟೂ ಮುಕುಂದಯ್ಯನ ಕೊರಳಿಗೆ ಕಳಂಕ ಬಿಗಿಯಾಯಿತು. ಬಾಯಲ್ಲಿಟ್ಟ ಬಿಸಿತುಪ್ಪ ನುಂಗಲಾಗದೆ ಉಗುಳಲಾಗದೆ ಆಚಾರಿ ಒದ್ದಾಡಿದ. ತನ್ನ ಮುಖ ತನಗೇ ಅಸಹ್ಯವಾಗಿ, ಕ್ಷೌರಕ್ಕೆ ಕೂತರೂ ಕನ್ನಡಿ ನೋಡುವುದನ್ನು ಬಿಟ್ಟ.

ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಮುಗಿಯಿತು. ಅದು ಮುಗಿದ ಮೇಲೆ ಅವರು ಮನೆಮನೆಗೆ ಹೋಗಿ, ಹಿರಿಯರು ಕಿರಿಯರೆನ್ನದೆ ಕ್ಷಮೆ ಕೇಳುವ ಪದ್ಧತಿ. ಜಿನಚಂದ್ರಯ್ಯ ಬೆಳಗ್ಗೆಯೇ ಆಚಾರಿಯ ಅಂಗಡಿಗೆ ಬಂದು, ಚಪ್ಪಲಿ ಬಿಟ್ಟು, ಕೈ ಜೋಡಿಸಿದರು.

‘ಆಚಾರ್ರೆ, ತಿಳಿದೋ ತಿಳೀದೆಯೋ ನನ್ನಿಂದ ನಿಮಗೆ ನೋವಾಗಿದ್ರೆ ಕ್ಷಮಿಸಿಬಿಡಿ.’

ಭೂಮಿ ಬಾಯಿಬಿಡಬಾರದೇ ಎನಿಸಿತು ಆಚಾರಿಗೆ. ಯಾರು ಯಾರ ಹತ್ತಿರ ಕೇಳಬೇಕಾದ ಮಾತು ಇದು! ‘ಅಯ್ಯ, ನೀವು ನನ್ನ ಹತ್ರ...’ ಎಂದು ಅವರ ಜೋಡಿಸಿದ ಕೈಗಳನ್ನು ಬಿಡಿಸಲು ಹೋದ.

‘ಈಗ ನಿಟ್ಟೂರಿಗೆ ಹೊರಟೆ’ ಎಂದರು ಅವರು. ‘ಮುಕುಂದಯ್ಯನ ಹತ್ರನೂ ಕೇಳ್ಬೇಕು. ಕೋಪದಲ್ಲಿ ಬಹಳ ಅಂದುಬಿಟ್ಟೆ. ಆದ್ರೆ ಕೆಲಸಕ್ಕೆ ಮತ್ತೆ ಕರೆಯೋ ಹಾಗಿಲ್ಲ. ಔಷಧದ ವಿಷಯ ನೋಡಿ, ಜನರ ಜೀವ.’

ಆಚಾರಿ ಎದ್ದು, ಗುಜರಿ ಬುಟ್ಟಿಗೆ ಕೈಹಾಕಿ ಏನನ್ನೋ ಹೆಗಲ ಮೇಲಿನ ಚೌಕದಲ್ಲಿ ಸುತ್ತಿಕೊಂಡ. ‘ನಾನೂ ಬರ್ತೀನಿ’ ಎಂದ.

ಜೀಪಿನಲ್ಲಿ ದಾರಿಯುದ್ದಕ್ಕೂ ಅವನು ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಿಟ್ಟೂರಿನಲ್ಲಿ ಮುಕುಂದಯ್ಯ ಜಗಲಿಯ ಮೇಲೆ ಕೂತು ಬುಟ್ಟಿ ಹೆಣೆಯುತ್ತಿದ್ದ. ಮೈ ಇಳಿದುಹೋಗಿತ್ತು. ಇವರನ್ನು ಕಂಡು ಗಡಬಡಿಸಿ ಎದ್ದು, ನೀರು ಬೆಲ್ಲ ತಂದಿಟ್ಟ. ಜಿನಚಂದ್ರಯ್ಯ ಕ್ಷಮೆ ಕೇಳಿದಾಗ ‘ದೊಡ್ಡ ಮಾತು ಅಯ್ಯ’ ಎಂದು ಕೈಮುಗಿದ. ಆಮೇಲೆ ಆಚಾರಿಯ ಕಡೆಗೆ ತಿರುಗಿದ.

‘ನಾನೇ ನಿಮ್ಮ ಹತ್ರ ಬರ್ಬೇಕು ಅಂತಿದ್ದೆ ಆಚಾರ್ರೆ. ಮುಖ ತೋರಿಸೋಕೆ ಧೈರ್ಯ ಆಗ್ಲಿಲ್ಲ. ಅಷ್ಟು ಚಂದ ಕೆಲಸ ಮಾಡಿದ್ರಿ, ನಾನು ಹಾಳು ಮಾಡಿಬಿಟ್ಟೆ. ಮೊದಮೊದಲು ನಾ ಚೆಲ್ಲಿಲ್ಲ ಅಂತಿದ್ದೆ. ಆದ್ರೆ ನೀವು ನೋಡಿದೋರು, ಲೋಹ ಬಲ್ಲೋರು, ನೀವೇ ಹೇಳಿದ್ಮೇಲೆ ಸುಳ್ಳಾಗ್ತದಾ? ಯೋಚನೆ ಮಾಡ್ತಾ ಮಾಡ್ತಾ, ಒಂದಿನ ಬಾಟ್ಲಿ ವಾಲಿದ್ದು ನೆನಪಾದಂಗೆ ಆಯ್ತು. ನಾನೇ ಚೆಲ್ಲಿರ್ಬೇಕು. ತಪ್ಪಾಯ್ತು.’

ಮಾಡದ ತಪ್ಪನ್ನು ಅವನು ನೆನಪು ಮಾಡಿಕೊಂಡಿದ್ದ! ಆಚಾರಿಗೆ ಕೂತಲ್ಲಿ ಕೂರಲಾಗಲಿಲ್ಲ. ಚೌಕ ಬಿಚ್ಚಿ ಜಗಲಿಯ ಮೇಲಿಟ್ಟ. ಅದರಲ್ಲಿದ್ದದ್ದು ಬಂಡಿಯಿಂದ ಕಿತ್ತ ಒಂದು ತುಂಡು ಹಾಳಾದ ತಗಡು, ನಡುವೆ ಒಂದು ತಾಮ್ರದ ರಿವಿಟ್ಟು, ಸುತ್ತ ಅದೇ ಬಿಳಿ ಪುಡಿ.

‘ನೀವು ಎಂತದೂ ಚೆಲ್ಲಿಲ್ಲ. ತಗಡು ತಿಂದಿದ್ದು ನನ್ನ ತಾಮ್ರ. ಮಾಸ್ತಪ್ಪ ಹೇಳಿದ್ದ, ನಾ ಕೇಳ್ಲಿಲ್ಲ. ಅವತ್ತು ನೋಡಿದ ಕೂಡ್ಲೆ ನಂಗೆ ಗೊತ್ತಾಯ್ತು. ಗೊತ್ತಿದ್ದೂ ನಿಮ್ಮ ತಲೆಗೆ ಕಟ್ಟಿದೆ’ ಎಂದ. ಜಿನಚಂದ್ರಯ್ಯನವರ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಮುಕುಂದಯ್ಯ ತಗಡನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಬೈಯುತ್ತಾನೆ, ಬೈಯಲಿ ಎಂದು ಆಚಾರಿ ಕಾದ.

‘ಹಂಗಾದ್ರೆ ನಾನಲ್ವಾ?’

‘ಅಲ್ಲ.’

‘ನಾನು ಚೆಲ್ಲಿಲ್ವಾ?’

‘ಇಲ್ಲ ಮಾರಾಯ್ರೆ, ಇಲ್ಲ.’

ಮುಕುಂದಯ್ಯ ಒಳಗಿನ ಬಾಗಿಲ ಕಡೆ ತಿರುಗಿ, ‘ಅಕ್ಕಾ, ನಾನಲ್ವಂತೆ!’ ಎಂದು ಕೂಗಿದ. ಆ ಕೂಗು ಚಿಕ್ಕ ಮಕ್ಕಳ ಕೂಗಿನ ಹಾಗಿತ್ತು. ಆಚಾರಿ ಮುಖಕ್ಕೆ ಚೌಕ ಒತ್ತಿಕೊಂಡು ಅತ್ತುಬಿಟ್ಟ.

ಜಿನಚಂದ್ರಯ್ಯ ಅದೇ ಜೀಪಿನಲ್ಲಿ ಮುಕುಂದಯ್ಯನನ್ನು ಕರೆತಂದರು. ಆಚಾರಿಗೆ ಅವರು ಒಂದು ಗಡಸು ಮಾತೂ ಆಡಲಿಲ್ಲ, ಆಡಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಊರಿಗೆ ಬಂದ ಮೇಲೆ ಆಚಾರಿ ಆ ತಗಡಿನ ತುಂಡನ್ನು ತನ್ನ ಅಂಗಡಿಯ ಬಾಗಿಲಿಗೇ ನೇತುಹಾಕಿ, ಕೇಳಿದವರಿಗೆಲ್ಲ ನಡೆದದ್ದನ್ನು ನಡೆದ ಹಾಗೆ ಹೇಳಿದ. ಕೆಲವರು ನಕ್ಕರು, ಕೆಲವರು ಅವನಿಗೆ ಕೆಲಸ ಕೊಡುವುದನ್ನೇ ಬಿಟ್ಟರು. ಅದನ್ನೆಲ್ಲ ಅವನು ತಡೆದುಕೊಂಡ.

ತಡೆಯಲಾಗದ್ದು ಒಂದೇ. ಬಂಡಿ ಊರಲ್ಲಿ ನಿಂತಾಗ ಆಚಾರಿ ತಗಡು ನೋಡುವ ನೆಪದಲ್ಲಿ ಹೋಗುತ್ತಿದ್ದ. ಮುಕುಂದಯ್ಯ ಬಾಟಲಿಗೆ ಬಿರಡೆ ಒತ್ತುತ್ತಿದ್ದ. ಬೀರು ಮುಚ್ಚಿ ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಒತ್ತುತ್ತಿದ್ದ. ಬಾಗಿಲ ತನಕ ಹೋಗಿ, ಇನ್ನೊಮ್ಮೆ ಬಂದು ಬೆರಳಿನಿಂದ ಸುತ್ತ ಸವರಿ ಮೂಸುತ್ತಿದ್ದ. ಸಾಲಿನಲ್ಲಿ ನಿಂತ ಹೆಂಗಸರು ಮುಸಿಮುಸಿ ನಗುತ್ತಿದ್ದರು.

‘ಭದ್ರ ಇದೆ ಮುಕುಂದಯ್ಯ, ನಾ ನೋಡಿದೆ’ ಎಂದ ಆಚಾರಿ ಒಂದು ದಿನ.

‘ಇದ್ದೀತು ಆಚಾರ್ರೆ’ ಎಂದು ಮುಕುಂದಯ್ಯ ನಗುತ್ತಲೇ ಮತ್ತೆ ಬೀರು ತೆರೆದ. ‘ಆದ್ರೂ ಒಂದ್ಸಲ ನೋಡ್ತೀನಿ. ಈ ಕೈ ಮೇಲೆ ನಂಗೆ ಮೊದಲಿನ ನಂಬಿಕೆ ಬರ್ತಾನೇ ಇಲ್ಲ.’