ಹಕಾರದ ಲೆಕ್ಕ

2003ರ ಆಗಸ್ಟ್ 10, ಭಾನುವಾರ, ಬೆಳಿಗ್ಗೆ 9.40. ಪೂಜೆ ಮುಗಿದ ಮೇಲೆ ಇಗರ್ಜಿಯ ಪಕ್ಕದ ಕೋಣೆಯಲ್ಲಿ ಕ್ವಾಯರ್ ಅಭ್ಯಾಸ ಶುರು. ಬಂದವರು ಹದಿಮೂರು ಮಂದಿ. ನನ್ನ ಡೈರಿಯ ಆ ಪುಟದಲ್ಲಿ ಇಷ್ಟು ಬರೆದ ಮೇಲೆ ಒಂದು ಅಡ್ಡಗೆರೆ ಇದೆ. ಅದರ ಕೆಳಗೆ ಒಂಬತ್ತು ಉದ್ದಗೆರೆಗಳು. ಒಂದೊಂದು ಗೆರೆಯೂ ಒಬ್ಬ ಹೆಂಗಸು ನುಂಗಿದ ಒಂದೊಂದು ‘ಹ’.

ನನಗೆ ಆಗ ಇಪ್ಪತ್ತೆರಡು ವರ್ಷ. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ರಸ್ತೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಏಳೂವರೆಗೆ ಚೆಕ್‌ರೋಲ್ ಹಿಡಿದು ಆಳುಗಳ ಹೆಸರು ಕೂಗುವುದು, ಬಂದವರ ಹೆಸರಿನ ಮುಂದೆ ಗೆರೆ, ಬಾರದವರ ಮುಂದೆ ಸೊನ್ನೆ ಹಾಕುವುದು ನನ್ನ ಕೆಲಸ. ಭಾನುವಾರ ಅದೇ ಕೈಯಲ್ಲಿ ಕ್ವಾಯರ್ ನಡೆಸುತ್ತಿದ್ದೆ. ಸಂಸೆಯಿಂದ ಮೂಡಿಗೆರೆವರೆಗೆ ಯಾವ ಇಗರ್ಜಿಯ ಹಬ್ಬಕ್ಕೆ ಕರೆದರೂ ಹೋಗಿ ಹಾಡಿ ಬರುತ್ತಿದ್ದೆವು. ಎರಡು ವರ್ಷದಲ್ಲಿ ಹದಿನಾಲ್ಕು ಹಬ್ಬ ಆಗಿದ್ದವು. ಆ ಆಗಸ್ಟಿನಲ್ಲಿ ನಮ್ಮ ಫಾದರ್ ಒಂದು ಸುದ್ದಿ ತಂದರು. ನವೆಂಬರಿನಲ್ಲಿ ಮೂರು ದಿನ, ಮೂರು ಊರಿನ ಕೆಥೆಡ್ರಲ್‌ಗಳಲ್ಲಿ ನಮ್ಮ ಕ್ವಾಯರ್ ಹಾಡಬೇಕು. ಮೊದಲನೆಯದು ಮಂಗಳೂರು.

ಮಂಗಳೂರು ಅಂದ ಕೂಡಲೇ ಹಳೆಯ ಡೈರಿ ತೆಗೆದು ನೋಡಿದೆ. ಹಿಂದಿನ ವರ್ಷ ಅಲ್ಲಿ ಕ್ವಾಯರ್ ನಡೆಸುವವರ ಶಿಬಿರಕ್ಕೆ ಹೋಗಿದ್ದೆ. ಎದ್ದು ನಿಂತು ಓದು ಅಂದಾಗ ‘ಶಾಂತಿ’ಯನ್ನು ‘ಸಾಂತಿ’ ಎಂದಿದ್ದೆ. ಹನ್ನೊಂದು ಜನ ನಕ್ಕಿದ್ದರು. ಆ ಲೆಕ್ಕವೂ ಡೈರಿಯಲ್ಲಿದೆ.

‘ಹ’ ನುಂಗುತ್ತಿದ್ದವರು ನಮ್ಮ ಎಸ್ಟೇಟಿನ ಆಳುಗಳ ಲೈನ್‌ಮನೆಯಲ್ಲಿದ್ದ ಹೆಂಗಸು. ಬಯಲುಸೀಮೆಯಿಂದ ಕೆಲಸಕ್ಕೆ ಬಂದವರು, ವಯಸ್ಸು ಮೂವತ್ತಾರೋ ಮೂವತ್ತೇಳೋ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ಮಂಗಳೂರಿನ ಒಂದು ಬೋರ್ಡಿಂಗಿನಲ್ಲಿದ್ದುಕೊಂಡು ಎಂಟನೇ ಕ್ಲಾಸು ಓದುತ್ತಿದ್ದಳು. ತಾಯಿಗೆ ಅಕ್ಷರ ಬಾರದು. ಆದರೆ ಒಂದು ಸಲ ಕೇಳಿದ ಹಾಡು ಅವರ ಗಂಟಲಲ್ಲಿ ಕೂತುಬಿಡುತ್ತಿತ್ತು. ಅಂಥ ಗಂಟಲು ಆ ಕಣಿವೆಯಲ್ಲಿ ಇನ್ನೊಂದಿರಲಿಲ್ಲ. ಇದನ್ನು ಈಗ ಬರೆಯುತ್ತಿದ್ದೇನೆ. ಆಗ ಅವರಿಗೆ ಒಂದು ದಿನವೂ ಹೇಳಲಿಲ್ಲ.

ಪ್ರವಾಸಕ್ಕೆಂದು ನಾನೇ ಒಂದು ಹಾಡು ಬರೆದಿದ್ದೆ. ಅದರ ಪಲ್ಲವಿ ಹೀಗಿತ್ತು:

ಕಣಿವೆ ಕಣಿವೆಯ ತುಂಬಾ ಮಂಜು,
ಕರ್ತನೇ, ನಮ್ಮನ್ನು ಹರಸು.

ರಾಗ ಮಾತ್ರ ಕೂರಲಿಲ್ಲ. ಮೂರು ವಾರ ತಿಣುಕಿದೆ. ಒಂದು ದಿನ ಅವರು ಕಾಫಿ ಗಿಡದ ಚಿಗುರು ತೆಗೆಯುತ್ತಾ, ಅಭ್ಯಾಸದಲ್ಲಿ ಕೇಳಿದ್ದ ಅದೇ ಸಾಲನ್ನು ತಮ್ಮ ಪಾಡಿಗೆ ಹಾಡಿಕೊಳ್ಳುತ್ತಿದ್ದರು. ಕೊನೆಯ ಪದದಲ್ಲಿ ರಾಗ ಮೇಲೆ ಹೋಗಿ, ಅಲ್ಲೇ ಸ್ವಲ್ಪ ನಿಂತು, ನಿಧಾನ ಇಳಿಯಿತು. ಇಡೀ ಕ್ವಾಯರಿಗೆ ಆ ರಾಗವನ್ನು ಅವರಿಂದಲೇ ಹೇಳಿಸಿದೆ. ಹಾಡಿನ ಹಾಳೆಯಲ್ಲಿ ‘ಸಾಹಿತ್ಯ, ರಾಗ’ ಎಂದು ಬರೆದು ಮುಂದೆ ನನ್ನ ಹೆಸರು ಹಾಕಿಕೊಂಡೆ.

ತೊಂದರೆ ಒಂದೇ. ಅವರು ಹಾಡುತ್ತಿದ್ದದ್ದು ‘ನಮ್ಮನ್ನು ಅರಸು.’

ಪೇಟೆಯಲ್ಲಿ ಜೀಪು ರಿಪೇರಿ ಮಾಡುತ್ತಿದ್ದ ನನ್ನ ಗೆಳೆಯ ಕ್ವಾಯರಿಗೆ ಗಿಟಾರ್ ಬಾರಿಸುತ್ತಿದ್ದ. ಅವನಿಗೆ ಇದು ಹಬ್ಬವಾಯಿತು.

“ಎಂಥ ಮಾರಾಯ್ತಿ, ಎಲ್ಲಿ ಹೋಯ್ತು ನಿಮ್ಮ ಹ? ಕಾಫಿ ಬುಟ್ಟಿಗೆ ಬಿತ್ತಾ?”

“ಅದು ನಂಗೆ ಉಟ್ದಾಗ್ಲೇ ಕೊಟ್ಟಿಲ್ಲ ಕಣಪ್ಪ” ಎಂದು ಅವರೂ ನಕ್ಕರು.

“ಉಟ್ಟಿದ್ದು ಸೀರೆ ಅಕ್ಕ. ಹುಟ್ಟಿದ್ದು ನೀವು” ಎಂದೆ ನಾನು. ಎಲ್ಲರೂ ನಕ್ಕರು. ಅವರು ಮಾತ್ರ ನಗು ನಿಲ್ಲಿಸಿದರು.

ಅಂದಿನಿಂದ ಗೆಳೆಯ ಅವರನ್ನು ‘ಅರಸು’ ಎಂದೇ ಕರೆದ. “ಮೈಸೂರು ಅರಸು ಬಂದ್ರು, ಜಾಗ ಬಿಡಿ” ಎನ್ನುತ್ತಿದ್ದ. ನಾನು ಅವನನ್ನು ತಡೆಯಲಿಲ್ಲ. ಬದಲಿಗೆ ಒಂದು ಪದ್ಧತಿ ಮಾಡಿದೆ. ಉರಿಯುವ ಮೇಣದಬತ್ತಿಯನ್ನು ಅವರ ಬಾಯಿಯ ಮುಂದೆ ಒಂದು ಗೇಣು ದೂರದಲ್ಲಿ ಹಿಡಿಯುವುದು. ಸರಿಯಾಗಿ ‘ಹ’ ಅಂದರೆ ಉರಿ ಬಾಗಬೇಕು. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಅವರು ಎದೆ ತುಂಬ ಉಸಿರೆಳೆದು “ಅಅಅ” ಎನ್ನುವರು. ಉರಿ ನೆಟ್ಟಗೆ ನಿಂತಿರುವುದು. ಒಂದು ಸಲ ಬತ್ತಿ ಆರಿಯೇ ಹೋಯಿತು. ಅದು ‘ಹ’ ಅಲ್ಲ, ಅವರು ಸುಮ್ಮನೆ ಊದಿಬಿಟ್ಟಿದ್ದರು. “ಮುಗೀತಲ್ಲ ಸಾ?” ಎಂದರು. ಮತ್ತೆ ಹಚ್ಚಿದೆ. ಹಾಗೆ ಹತ್ತೊಂಬತ್ತು ಅಭ್ಯಾಸಗಳಲ್ಲಿ ಇನ್ನೂರ ಆರು ಸಲ ಬತ್ತಿ ಹಿಡಿದೆ. ಉರಿ ಬಾಗಿದ್ದು ಮೂವತ್ತೊಂದು ಸಲ.

ಅದರಿಂದ ಒಂದು ಹೊಸ ಕಷ್ಟ ಹುಟ್ಟಿತು. ಎಲ್ಲಿ ‘ಹ’ ಬೇಕು, ಎಲ್ಲಿ ಬೇಡ ಎಂಬ ಧೈರ್ಯವೇ ಅವರಿಗೆ ಹೋಯಿತು. ಸೆಪ್ಟೆಂಬರ್ 8, ತೆನೆ ಹಬ್ಬ. ಮಕ್ಕಳು ಮೇರಿ ಮಾತೆಗೆ ಹೂ ಹಾಕಿ ಮುಗಿಸಿದ್ದರು, ಇಗರ್ಜಿ ತುಂಬಿತ್ತು, ಪ್ಲಾಂಟರುಗಳ ಮನೆಯವರೆಲ್ಲ ಮುಂದಿದ್ದರು. ನಾಲ್ಕು ಸಲ ಏರುತ್ತಾ ಹೋಗುವ ‘ಆಮೆನ್’ನಲ್ಲಿ ಕೊನೆಯದನ್ನು ಅವರೊಬ್ಬರೇ ಹಾಡಬೇಕು. ಕಣ್ಣು ಮುಚ್ಚಿ, ಗಂಟಲು ಬಿಟ್ಟು ಹಾಡಿದರು: “ಹಾಮೆನ್.” ಮುಂದಿನ ಬೆಂಚುಗಳಲ್ಲಿ ಕರವಸ್ತ್ರಗಳು ಬಾಯಿಗೆ ಹೋದವು. ನಾನು ಏಳು ಎಣಿಸಿದೆ.

ಪೂಜೆ ಆದ ಮೇಲೆ ಫಾದರ್ ನನ್ನನ್ನು ಕರೆದರು.

“ಅವ್ರನ್ನ ಅವ್ರ ಪಾಡಿಗೆ ಹಾಡ್ಲಿಕ್ಕೆ ಬಿಡಪ್ಪ. ದೇವ್ರಿಗೆ ಅರ್ಥ ಆಗುತ್ತೆ.”

“ಮಂಗಳೂರಲ್ಲಿ ಕೇಳೋದು ದೇವ್ರೊಬ್ರೇ ಅಲ್ಲ ಫಾದರ್” ಎಂದೆ.

ಅಕ್ಟೋಬರ್ 26ರಂದು ಅವರು ಒಂದು ಇನ್‌ಲ್ಯಾಂಡ್ ಲೆಟರ್ ತಂದು ಎಸ್ಟೇಟ್ ಆಫೀಸಿನ ಬಾಗಿಲಲ್ಲಿ ನಿಂತರು. ಮಗಳಿಗೆ ಕಾಗದ ಬರೆದುಕೊಡಬೇಕು. ಅವರು ಹೇಳಿದರು, ನಾನು ಬರೆದೆ. ಜೂನ್‌ನಲ್ಲಿ ಬಿಟ್ಟು ಬಂದ ಮೇಲೆ ನಿನ್ನನ್ನು ನೋಡಿಲ್ಲ. ನವೆಂಬರ್ 14 ಶುಕ್ರವಾರ ಸಂಜೆ ಐದೂವರೆಗೆ ದೊಡ್ಡ ಇಗರ್ಜಿಗೆ ಬರುತ್ತೇನೆ. ಸಿಸ್ಟರನ್ನು ಕೇಳಿಕೊಂಡು ನೀನೂ ಬಾ.

“ಮುಂದ್ಗಡೆ ಬೆಂಚಲ್ಲಿ ಕೂತ್ಕೋ ಅಂತ ಬರೀರಿ ಸಾ. ಅವ್ಳ ಸ್ನೇಯಿತ್ರನ್ನೂ ಕರ್ಕೊಂಬರ್ಲಿ. ಅವ್ಳಮ್ಮ ಏನೂ ಬಾರ್ದವ್ಳು ಅಂತ ಆಡ್ಕೋತವಂತೆ ಆ ಉಡ್ಗೀರು. ನೋಡ್ಲಿ.”

ಬರೆದೆ. ನಾನೇ ಪೋಸ್ಟ್ ಮಾಡಿದೆ. ಅವರನ್ನು ಕರೆದುಕೊಂಡು ಹೋಗಬಾರದು ಎಂದು ಅಷ್ಟರಲ್ಲಿ ತೀರ್ಮಾನಿಸಿಯೂ ಆಗಿತ್ತು. ಅದು ಡೈರಿಯಲ್ಲಿ ಅಕ್ಟೋಬರ್ 19ರ ಪುಟದಲ್ಲಿದೆ.

ನವೆಂಬರ್ 12ರ ಸಂಜೆ ಹೋಗುವವರ ಹೆಸರು ಓದಿದೆ. ಅವತ್ತು ಅವರಿಗೆ ಅಭ್ಯಾಸಕ್ಕೆ ಬರಲಾಗಲಿಲ್ಲ. ಹಣ್ಣು ಕೊಯ್ಲು ಶುರುವಾಗಿತ್ತು. ತೋಟದ ಅತಿ ದೂರದ ಬ್ಲಾಕಿಗೆ ಅವರನ್ನು ಹಾಕಿದವನು ನಾನೇ. ಹೆಸರುಗಳು ಹನ್ನೆರಡು.

“ಅರಸುಗೆ ಯಾರು ಹೇಳೋದು?” ಎಂದ ಗೆಳೆಯ.

“ನಾನು ಹೇಳ್ತೀನಿ.”

ಮರುದಿನ ಬೆಳಿಗ್ಗೆ ಚೆಕ್‌ರೋಲ್ ಕೂಗಿ ಮುಗಿಸಿದ ಮೇಲೆ ಅವರು ಹತ್ತಿರ ಬಂದು, “ನಾಳೆ ಎಷ್ಟೊತ್ಗೆ ಸಾ? ಎಲ್ಲಿ ನಿಂತ್ಕೊಳ್ಳಿ?” ಎಂದು ಕೇಳಿದರು. ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಹೇಳಿದ್ದು ಬೇರೆ: “ಆರು ಗಂಟೆಗೆ ಕ್ರಾಸಲ್ಲಿ ನಿಂತಿರಿ.”

ನವೆಂಬರ್ 14, ಬೆಳಿಗ್ಗೆ 6.10. ಬಾಡಿಗೆಗೆ ತಂದ ಮಿನಿ ಬಸ್ಸು. ಫಾದರ್ ಹಿಂದಿನ ದಿನವೇ ಮಂಗಳೂರಿಗೆ ಹೋಗಿದ್ದರು. ಕ್ರಾಸಿನ ಹತ್ತಿರ ಮಂಜು ದಟ್ಟವಾಗಿ ಕೂತಿತ್ತು. ಡ್ರೈವರ್ ಲೈಟು ಹಾಕಿಕೊಂಡು ನಿಧಾನಕ್ಕೆ ಹೋಗುತ್ತಿದ್ದ. ಮೊದಲು ಕಂಡದ್ದು ಬಿಳಿ ಸೀರೆಯ ನೀಲಿ ಅಂಚು. ಕ್ವಾಯರಿಗೆಂದು ಎಲ್ಲ ಹೆಂಗಸರೂ ತೆಗೆದುಕೊಂಡಿದ್ದ ಸೀರೆ ಅದು. ಕೈಯಲ್ಲಿ ಒಂದು ಚೀಲ. ನಿಲ್ಲುತ್ತದೆಂದು ಗೊತ್ತಿರುವ ಬಸ್ಸಿಗೆ ಎತ್ತುವ ಹಾಗೆ, ಅರ್ಧ ಮಾತ್ರ ಕೈ ಎತ್ತಿದ್ದರು.

“ಯಾರೋ ಹೆಂಗ್ಸು ಕೈ ತೋರಿಸ್ತಾರೆ” ಎಂದ ಡ್ರೈವರ್.

“ನಮ್ಮವ್ರಲ್ಲ. ಹೋಗಿ” ಎಂದೆ.

ಬಸ್ಸಿನಲ್ಲಿ ನನ್ನನ್ನು ಬಿಟ್ಟು ಹನ್ನೊಂದು ಜನ. ಎಚ್ಚರವಿದ್ದು ನೋಡಿದವರು ನಾಲ್ಕು. ನಕ್ಕವನು ಒಬ್ಬ, ಗೆಳೆಯ. ನಿಲ್ಲಿಸಿ ಅಂದವರು ಸೊನ್ನೆ. ಹಿಂದಿನ ಗಾಜಿನಲ್ಲಿ ನೋಡಿದೆ. ಅವರು ಕೈ ಇಳಿಸಿರಲಿಲ್ಲ. ನಾಲ್ಕು ಹೆಜ್ಜೆ ಓಡಿದರು, ಆಮೇಲೆ ಮಂಜು ಮುಚ್ಚಿತು. ಚಾರ್ಮಾಡಿ ಘಾಟಿ ಇಳಿಯುವಾಗ ನಾವು ಇಡ್ಲಿ ತಿಂದೆವು.

ಸಂಜೆ ಕೆಥೆಡ್ರಲಿನಲ್ಲಿ ಮುಂದಿನ ಬೆಂಚಿನಲ್ಲಿ ಯೂನಿಫಾರಂ ಹಾಕಿದ ನಾಲ್ಕು ಹುಡುಗಿಯರಿದ್ದರು. ಅದರಲ್ಲಿ ಒಬ್ಬಳು ತಾಯಿಯದೇ ಅಚ್ಚು. ನಮ್ಮ ಸಾಲನ್ನು ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ ನೋಡಿದಳು. ಫಾದರ್ ಕೇಳಿದಾಗ, ಜ್ವರ ಎಂದಿದ್ದೆ.

ಪರಮಪ್ರಸಾದ ಹಂಚುವ ಹೊತ್ತಿಗೆ ನನ್ನ ಹಾಡು. ಪಲ್ಲವಿ ಆರು ಸಲ ಬರುತ್ತದೆ. ಮೊದಲ ಸಲವೇ ಕೊನೆಯ ಪದ ಆ ಎತ್ತರದ ಛಾವಣಿಗೆ ತಾಗಿ ತಿರುಗಿ ಬಂತು. ನನ್ನ ಕೈ ಗಾಳಿಯಲ್ಲೇ ನಿಂತಿತು. ಬಂದದ್ದು ‘ಅರಸು.’

ಎರಡೂವರೆ ತಿಂಗಳು ಎಲ್ಲರೂ ರಾಗ ಕಲಿತದ್ದು ಅವರ ಬಾಯಿಂದ. ಹಾಳೆಯಲ್ಲಿ ‘ಹರಸು’ ಎಂದಿದ್ದರೂ ಗಂಟಲಲ್ಲಿ ಕೂತಿದ್ದದ್ದು ಅವರದೇ ಪದ. ರಾಗ ಮೇಲೇರುವಲ್ಲಿ ‘ಹ’ ಹಾಕಿದರೆ ಉಸಿರು ಒಡೆಯುತ್ತದೆ. ಅದು ಅಷ್ಟು ದಿನ ಮೇಣದಬತ್ತಿ ಹಿಡಿದ ನನಗೆ ತಿಳಿದಿರಲಿಲ್ಲ. ಕಣ್ಣು ದೊಡ್ಡದು ಮಾಡಿ ಎಲ್ಲರಿಗೂ ಸನ್ನೆ ಮಾಡಿದೆ. ಎರಡನೆಯ ಸಲ ಕ್ವಾಯರಿನ ಜೊತೆ ನಾನೇ ಜೋರಾಗಿ ಹಾಡಿದೆ. ನನ್ನ ಬಾಯಿಂದಲೂ ‘ಅರಸು’ ಬಂತು. ಆರಕ್ಕೆ ಆರೂ ಹಾಗೆಯೇ. ಬೆಂಚುಗಳನ್ನು ನೋಡಿ ಎಣಿಸಲು ಸಿದ್ಧನಾದೆ. ನಕ್ಕವರು ಯಾರೂ ಇಲ್ಲ.

ಪೂಜೆ ಮುಗಿದ ಮೇಲೆ ಟೀಚರಾಗಿದ್ದವರಂತೆ ಕಾಣುವ ವಯಸ್ಸಾದ ಒಬ್ಬ ಹೆಂಗಸು ಬಂದು ನನ್ನ ಕೈ ಹಿಡಿದುಕೊಂಡರು.

“ಆ ಸಾಲು ಬರೆದದ್ದು ಯಾರು ಮಗಾ? ಕಣಿವೆ ತುಂಬಾ ಮಂಜು, ಕರ್ತನೇ ನಮ್ಮನ್ನು ಅರಸು. ಎಲ್ಲರೂ ಹರಸು ಹರಸು ಅಂತಾರೆ. ಮಂಜಲ್ಲಿ ದಾರಿ ತಪ್ಪಿದವರು ಕೇಳುವುದು ಅದನ್ನಲ್ಲ. ಹುಡುಕು ಅಂತ ಕೇಳ್ತಾರೆ.”

ಅಲ್ಲಿಯವರೆಗೆ ‘ಅರಸು’ ಅಂದರೆ ನಮಗೆ ರಾಜ, ನಗುವುದಕ್ಕೊಂದು ಅಡ್ಡಹೆಸರು. ಹುಡುಕು ಎಂಬ ಅರ್ಥ ಹನ್ನೆರಡು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

“ನಾನೇ ಬರೆದದ್ದು” ಎಂದೆ.

ಹುಡುಗಿ ಪಕ್ಕದಲ್ಲಿ ಕಾಯುತ್ತಿದ್ದಳು. “ಅಮ್ಮ ಎಲ್ಲಿ ಸರ್?”

“ಜ್ವರ ಬಂದಿದೆ. ಬರ್ಲಿಕ್ಕಾಗ್ಲಿಲ್ಲ.”

“ನೀವೆಲ್ಲ ಅಮ್ಮನ ಥರಾನೇ ಹಾಡಿದ್ರಿ” ಎಂದಳು. ಅವಳ ಹಿಂದಿದ್ದ ಮೂವರು ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. “ನಾನು ಮುಂದಿನ ಬೆಂಚಲ್ಲೇ ಕೂತಿದ್ದೆ ಅಂತ ಹೇಳಿ ಸರ್. ಮರೀಬೇಡಿ.”

ಉಳಿದ ಎರಡು ಕೆಥೆಡ್ರಲ್‌ಗಳಲ್ಲಿ ಏನು ಹಾಡಿದೆವು ಎಂಬುದು ಡೈರಿಯಲ್ಲಿದೆ. ಇಲ್ಲಿ ಬೇಕಿಲ್ಲ.

ನವೆಂಬರ್ 17, ಸೋಮವಾರ, 7.30. ಚೆಕ್‌ರೋಲ್ ತೆರೆದೆ. ನಾನಿಲ್ಲದ ದಿನ ಮೇಸ್ತ್ರಿ ಹಾಜರಿ ಹಾಕಿದ್ದರು. ಶುಕ್ರವಾರ ಅವರ ಹೆಸರಿನ ಮುಂದೆ ಸೊನ್ನೆ ಇರಬಹುದು ಎಂದುಕೊಂಡಿದ್ದೆ. ಗೆರೆ ಇತ್ತು. ಕ್ರಾಸಿನಿಂದ ನಡೆದು ಬಂದು, ಸೀರೆ ಬದಲಿಸಿ, ಏಳೂವರೆಗೆ ಸರಿಯಾಗಿ ಕೆಲಸಕ್ಕೆ ನಿಂತಿದ್ದಾರೆ.

ಹೆಸರು ಕೂಗಿ ಮುಗಿದ ಮೇಲೆ ಅವರು ಬಂದು ಒಂದು ಚೀಲವನ್ನು ಮೇಜಿನ ಮೇಲಿಟ್ಟರು. ಕಿತ್ತಳೆ. “ಮಗೀಗೆ ಅಂತ ಕಿತ್ತಿದ್ದೆ. ಕೊಳ್ತೋಗ್ತವೆ. ನೀವೇ ತಿನ್ನಿ.” ಬಸ್ಸಿನ ಮಾತೇ ಎತ್ತಲಿಲ್ಲ. ಒಂದನ್ನು ಮಾತ್ರ ಕೇಳಿದರು.

“ಮಗಿ ಬಂದಿತ್ತಾ ಸಾ?”

ಬಂದಿದ್ದಳು ಎಂದರೆ ಅವಳಿಗೆ ನಾನು ಏನು ಹೇಳಿದೆ ಎಂಬುದನ್ನೂ ಹೇಳಬೇಕಾಗುತ್ತದೆ. ಅದನ್ನು ಎಣಿಸಲು ಒಂದು ಕ್ಷಣ ಸಾಕಾಯಿತು.

“ಕಾಣ್ಲಿಲ್ಲ ಅಕ್ಕ” ಎಂದೆ.

ಅವರು ತಲೆ ಆಡಿಸಿದರು. ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು ಬ್ಲಾಕಿನ ಕಡೆ ಹೋದರು. ಕಿತ್ತಳೆ ಹನ್ನೆರಡು ಇದ್ದವು. ತಿಂದೆ.

ಆ ಮೇಲೆ ಅವರು ಇಗರ್ಜಿಗೆ ಬಂದರು, ಕ್ವಾಯರಿಗೆ ಬರಲಿಲ್ಲ. ಹಿಂದಿನ ಬಾಗಿಲ ಹತ್ತಿರ ನಿಂತು, ಬಾಯಿ ಮುಚ್ಚಿಕೊಂಡೇ ಪೂಜೆ ಕೇಳಿ ಹೋಗುತ್ತಿದ್ದರು. ಡಿಸೆಂಬರ್ 20ರವರೆಗೆ ಚೆಕ್‌ರೋಲಿನಲ್ಲಿ ಗೆರೆ ಇದೆ. 22ರಿಂದ ಸೊನ್ನೆ. ಕ್ರಿಸ್‌ಮಸ್ ರಜೆಗೆ ಮಗಳನ್ನು ಕರೆದುಕೊಂಡು ಬರಲು ಹೋದವರು ತಿರುಗಿ ಬರಲಿಲ್ಲ. ಕೊಯ್ಲಿನ ನಡುವೆ ಯಾರೂ ಹಾಗೆ ಬಿಟ್ಟು ಹೋಗುವುದಿಲ್ಲ. ತಾಯಿ ಮಗಳು ಎದುರುಬದುರು ಕೂತ ಮೊದಲ ಹತ್ತು ನಿಮಿಷದಲ್ಲೇ ನನ್ನ ಎರಡೂ ಸುಳ್ಳುಗಳು ಒಂದಕ್ಕೊಂದು ತಾಗಿರಬೇಕು. ಬೋರ್ಡಿಂಗಿಗೆ ಬರೆದೆ. ಹುಡುಗಿಯ ಟಿ.ಸಿ. ತೆಗೆದುಕೊಂಡು ಹೋದರು, ಎಲ್ಲಿಗೆ ಎಂದು ತಿಳಿಸಿಲ್ಲ ಎಂದು ಉತ್ತರ ಬಂತು. ಅತ್ತಿಗುಂಡಿಯ ಕಡೆ ಯಾವುದೋ ಎಸ್ಟೇಟಿನಲ್ಲಿ ಕಂಡೆ ಅಂದವರೊಬ್ಬರು. ಹೋಗಿ ಮೂರು ಎಸ್ಟೇಟುಗಳ ಚೆಕ್‌ರೋಲ್ ನೋಡಿದೆ. ಆ ಹೆಸರಿನವರು ಇಬ್ಬರಿದ್ದರು. ಇಬ್ಬರೂ ಅವರಲ್ಲ.

ಆ ಹಾಡನ್ನು ಈಗ ಬೇರೆ ಇಗರ್ಜಿಗಳಲ್ಲೂ ಹಾಡುತ್ತಾರೆ. ಹಾಳೆಯಲ್ಲಿ ‘ಅರಸು’ ಎಂದೇ ಅಚ್ಚಾಗಿದೆ. ರಾಗದ ಮುಂದೆ ನನ್ನ ಹೆಸರು ಹಾಗೆಯೇ ಇದೆ.

ಇದನ್ನು ಓದಿದವರಲ್ಲಿ ಯಾರಾದರೂ, ಯಾವುದಾದರೂ ಎಸ್ಟೇಟಿನಲ್ಲೋ ಊರಿನಲ್ಲೋ, ‘ಹ’ ಬಾರದ, ಗಂಟಲು ಬಿಟ್ಟು ಹಾಡುವ ಹೆಂಗಸನ್ನು ಕಂಡಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಈಗ ನಲವತ್ತರ ಆಸುಪಾಸು ಇರಬೇಕು. ಮಗಳಿಗೆ ಹದಿನಾರೋ ಹದಿನೇಳೋ. ಅವರಿಗೆ ಇಷ್ಟವಿಲ್ಲದಿದ್ದರೆ ಎಲ್ಲಿದ್ದಾರೆ ಎಂದು ತಿಳಿಸಬೇಡಿ. ಅವರು ಇನ್ನೂ ಹಾಡುತ್ತಾರೆಯೇ, ಅಷ್ಟನ್ನು ಬರೆದರೆ ಸಾಕು.